ಹಳೆ ಅಚ್ಚಿನ ನೋಟ ಬೇಕೆ? ಮೊದಲು ಅಕ್ಷರದ ಹೊಟ್ಟೆಸೀಳು ಉಳಿಸಿ

ನಾಟಕದ ಪೋಸ್ಟರ್, ಕಥಾಸಂಕಲನದ ಮುಖಪುಟ, ಸಾವಯವ ಸಂತೆಯ ಕರಪತ್ರ, ಕಾಫಿಪುಡಿಯ ಪೊಟ್ಟಣ, ಯಾವುದೇ ಇರಲಿ, ಈಗ ಮಾಡಿಸುವವರು ಕೇಳುವುದು ಹೆಚ್ಚುಕಡಿಮೆ ಒಂದೇ: ಅಕ್ಷರ ದಪ್ಪಗಿರಬೇಕು, ಕೈಯಲ್ಲಿ ಕೆತ್ತಿ ಹಳೆಯ ಟ್ರೆಡಲ್ ಮೆಷಿನ್ನಿನಲ್ಲಿ ಅಚ್ಚು ಹಾಕಿದಂತೆ ಕಾಣಬೇಕು. ಇಂಗ್ಲಿಷ್ ಅಕ್ಷರಗಳಿಗೆ ಇಂಥ ಫಾಂಟ್‌ಗಳು ಬೇಕಾದಷ್ಟಿವೆ. ಕನ್ನಡಕ್ಕೆ ಸಿದ್ಧವಾಗಿ ಸಿಗುವುದು ಬಹಳ ಕಡಿಮೆ. ಹಾಗಾಗಿ ಡಿಟಿಪಿ ಮಾಡುವವರು ಕೈಗೆ ಸಿಕ್ಕ ಯಾವುದೋ ಫಾಂಟ್ ಹಿಡಿದು, ಅದರ ಸುತ್ತ ಒಂದು ಗೆರೆ ಕೊಟ್ಟು ಇನ್ನಷ್ಟು ದಪ್ಪ ಮಾಡಿ, ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಗೀರುಗಳ ಚಿತ್ರವೊಂದನ್ನು ಮೇಲೆ ಹರಡುತ್ತಾರೆ. ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಂಡ ಆ ಸಾಲು ಗೋಡೆಗೆ ಹತ್ತಿದ ಮೇಲೆ ಬರೆದದ್ದು ‘ಮಠ’ವೋ ‘ಮರ’ವೋ ಗೊತ್ತಾಗುವುದಿಲ್ಲ. ಹಳೆಯದಾಗಿಯೂ ಕಾಣುವುದಿಲ್ಲ, ಓದಲಿಕ್ಕೂ ಬರುವುದಿಲ್ಲ.

ಈ ಎರಡು ಸೋಲಿಗೂ ಕಾರಣ ಒಂದೇ. ಹಳೆ ಅಚ್ಚಿನ ಪ್ರತಿಯೊಂದು ಗುರುತಿನ ಹಿಂದೆಯೂ ಮರ, ಸೀಸ, ಮಸಿ, ಒತ್ತಡ ಇವುಗಳ ಒಂದು ಕಾರಣವಿತ್ತು. ಆ ಕಾರಣ ತಿಳಿದುಕೊಂಡು ಗುರುತು ಮೂಡಿಸಿದರೆ ಅದು ಅಚ್ಚಿನಂತೆ ಕಾಣುತ್ತದೆ. ಕಾರಣ ಬಿಟ್ಟು ಬರೀ ಗುರುತು ಅಂಟಿಸಿದರೆ ಕೊಳೆಯಂತೆ ಕಾಣುತ್ತದೆ. ಕನ್ನಡದಲ್ಲಂತೂ ಇದು ಬರೀ ಚಂದದ ಪ್ರಶ್ನೆಯಲ್ಲ. ನಮ್ಮ ಎಷ್ಟೋ ಅಕ್ಷರಗಳನ್ನು ಒಂದರಿಂದ ಇನ್ನೊಂದನ್ನು ಬೇರೆ ಮಾಡುವುದು ಹೊಟ್ಟೆಯಲ್ಲಿರುವ ಒಂದು ಸಣ್ಣ ಸೀಳು, ಒಂದು ಚುಕ್ಕೆ. ಅಕ್ಷರ ದಪ್ಪವಾದಾಗ ಮೊದಲು ಮುಚ್ಚಿಹೋಗುವುದೂ ಅದೇ, ಗೀರು ಬಿದ್ದಾಗ ಮೊದಲು ಅಳಿಸಿಹೋಗುವುದೂ ಅದೇ.

ಹಿನ್ನೆಲೆ ಇಷ್ಟು ತಿಳಿದಿದ್ದರೆ ಸಾಕು. ಪೋಸ್ಟರಿಗೆ ಬೇಕಾದ ದೊಡ್ಡ ಅಕ್ಷರಗಳನ್ನು ಸೀಸದಲ್ಲಿ ಎರಕ ಹೊಯ್ದರೆ ಭಾರ ಹೆಚ್ಚು, ಬೆಲೆ ಹೆಚ್ಚು. ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ 1827ರಲ್ಲಿ ಮರದ ಅಚ್ಚುಮೊಳೆಗಳನ್ನು ಯಂತ್ರದಿಂದ ಕೊರೆದು ರಾಶಿಗಟ್ಟಲೆ ತಯಾರಿಸುವ ದಾರಿ ತೋರಿಸಿದ. 1834ರಲ್ಲಿ ವಿಲಿಯಂ ಲೆವನ್‌ವರ್ತ್ ಆ ಯಂತ್ರಕ್ಕೆ ಪ್ಯಾಂಟೋಗ್ರಾಫ್ ಜೋಡಿಸಿದ ಮೇಲೆ ಒಂದೇ ಮಾದರಿಯಿಂದ ಹಲವು ಅಳತೆಯ ಅಕ್ಷರ ಕೊರೆಯುವುದು ಸುಲಭವಾಯಿತು. ವಿಸ್ಕಾನ್ಸಿನ್ ರಾಜ್ಯದ ಟೂ ರಿವರ್ಸ್ ಊರಿನಲ್ಲಿ 1880ರಲ್ಲಿ ಶುರುವಾದ ಹ್ಯಾಮಿಲ್ಟನ್ ಕಂಪನಿ ಮುಂದೆ ಈ ಉದ್ಯಮದ ದೊಡ್ಡ ಹೆಸರಾಯಿತು. ಆ ಊರಿನಲ್ಲಿ ಈಗ ಮರದ ಮೊಳೆಗಳದೇ ಒಂದು ವಸ್ತುಸಂಗ್ರಹಾಲಯವಿದೆ. ಸರ್ಕಸ್, ಹರಾಜು, ನಾಟಕಗಳ ಗೋಡೆಪತ್ರಗಳಲ್ಲಿ ನಾವು ಕಾಣುವ ಆ ಗಟ್ಟಿಮುಟ್ಟಾದ ಅಕ್ಷರಗಳು ಬಂದದ್ದು ಇಲ್ಲಿಂದ. ಈಗ ಮಾರಾಟವಾಗುವ ‘ವಿಂಟೇಜ್’ ಫಾಂಟ್‌ಗಳಲ್ಲಿ ಹೆಚ್ಚಿನವು ಇವುಗಳ ನೆರಳು.

ಅಚ್ಚಿನಲ್ಲಿ ನಿಜವಾಗಿ ಆಗುತ್ತಿದ್ದುದೇನು

ಮೊಳೆ ಅಚ್ಚಿನಲ್ಲಿ ಉಬ್ಬಿದ ಮುಖಕ್ಕೆ ರೋಲರಿನಿಂದ ಮಸಿ ಸವರಿ, ಕಾಗದವನ್ನು ಒತ್ತುತ್ತಾರೆ. ಒತ್ತಿದಾಗ ಮಸಿ ಅಂಚಿನ ಕಡೆಗೆ ಸರಿದು, ಅಂಚನ್ನು ದಾಟಿ ಕೂದಲೆಳೆಯಷ್ಟು ಹೊರಗೆ ಹರಡುತ್ತದೆ. ಇದರಿಂದ ಮೂರು ಫಲ. ಅಕ್ಷರ ಕೆತ್ತಿದ್ದಕ್ಕಿಂತ ಸ್ವಲ್ಪ ದಪ್ಪವಾಗಿ ಮೂಡುತ್ತದೆ. ಚೂಪಾದ ಮೂಲೆಗಳು ಮೆತ್ತಗಾಗುತ್ತವೆ, ಎರಡು ಗೆರೆ ಕೂಡುವ ಸಂದಿಯಲ್ಲಿ ಮಸಿ ತುಂಬಿಕೊಳ್ಳುತ್ತದೆ. ಅಂಚು ಕಪ್ಪಾಗಿ ಒಳಭಾಗ ಒಂದು ಛಾಯೆ ತಿಳಿಯಾಗಿ ಉಳಿಯುತ್ತದೆ. ಇನ್ನು ಮೊಳೆ ಸವೆದ ಕಡೆ, ಮರ ತಗ್ಗಾದ ಕಡೆ ಮಸಿ ಪೂರ್ತಿ ಹತ್ತದೆ ಬಿಳಿ ಚುಕ್ಕೆಗಳು ಉಳಿಯುತ್ತವೆ. ಪ್ರತಿ ಮೊಳೆಯೂ ಬೇರೆಯಾಗಿ ಸವೆದಿರುವುದರಿಂದ ಒಂದೇ ಸಾಲಿನ ಎರಡು ‘ಲ’ಗಳಲ್ಲಿ ಈ ಚುಕ್ಕೆಗಳು ಒಂದೇ ಜಾಗದಲ್ಲಿ ಇರುವುದಿಲ್ಲ. ಎರಡು ಬಣ್ಣ ಬೇಕಾದರೆ ಕಾಗದ ಎರಡು ಸಲ ಮೆಷಿನ್ನಿಗೆ ಹೋಗಬೇಕು. ಆಗ ಎರಡನೆಯ ಬಣ್ಣ ಚೂರು ಆಚೀಚೆ ಕೂರುತ್ತದೆ.

ಈ ಪಟ್ಟಿಯಲ್ಲಿ ಇಲ್ಲದ್ದನ್ನೂ ಗಮನಿಸಬೇಕು. ಅಕ್ಷರವನ್ನು ಸೀಳಿಕೊಂಡು ಹೋಗುವ ಉದ್ದನೆಯ ಗೀರಿಲ್ಲ, ಅರ್ಧ ಅಕ್ಷರವೇ ಮಾಯವಾಗುವುದಿಲ್ಲ. ಪ್ರೆಸ್ಸಿನವರು ಒಳ್ಳೆಯ ಕೆಲಸಕ್ಕೆ ಹೆಣಗುತ್ತಿದ್ದವರು. ತಗ್ಗಾದ ಮೊಳೆಯ ಕೆಳಗೆ ಕಾಗದದ ಚೂರು ಇಟ್ಟು ಎತ್ತರಿಸಿ, ಪ್ರೂಫ್ ತೆಗೆದು, ಮತ್ತೆ ಸರಿಪಡಿಸಿ, ಒತ್ತಡ ಸಮನಾದ ಮೇಲೆ ಮೆಷಿನ್ ಓಡಿಸುತ್ತಿದ್ದರು. ಒಡೆದ ಮೊಳೆ ಕಂಡರೆ ಬದಲಿಸುತ್ತಿದ್ದರು. ಹಾಗಾಗಿ ಈಗ ಫ್ಯಾಷನ್ನಾಗಿರುವ ವಿಪರೀತ ಗೀರಿನ ಅಕ್ಷರ ಆ ಕಾಲದ ಕೆಲಸಗಾರರಿಗೆ ನ್ಯಾಯ ಮಾಡುವುದಿಲ್ಲ. ಅವರು ಹಿಂದಕ್ಕೆ ಕಳಿಸುತ್ತಿದ್ದ ಪ್ರೂಫನ್ನೇ ನಾವು ಅವರ ಶೈಲಿ ಎಂದು ತಿಳಿದಿದ್ದೇವೆ.

ಇಲ್ಲೊಂದು ಆಕ್ಷೇಪ ಸಹಜ. ಮರದ ಮೊಳೆ ಅಮೆರಿಕದ್ದು, ಅದರ ನೋಟವನ್ನು ಕನ್ನಡಕ್ಕೆ ತರುವುದು ಎರವಲು ಉಡುಪಾಗುವುದಿಲ್ಲವೇ? ಅಲ್ಲಿನ ಅಕ್ಷರಗಳ ಆಕಾರವನ್ನು ತಂದರೆ ಖಂಡಿತ ಆಗುತ್ತದೆ. ರೋಮನ್ ಅಕ್ಷರದ ಕಾಲಿಗಿರುವ ಚೌಕ ಪಾದವನ್ನು ನಮ್ಮ ತಲೆಕಟ್ಟಿನ ತುದಿಗೆ ಸಿಕ್ಕಿಸಿದ ಎಷ್ಟೋ ಪ್ರಯತ್ನಗಳು ನೋಡಲು ಹಿತವಾಗಿಲ್ಲ, ಏಕೆಂದರೆ ದುಂಡಗಿನ ಕನ್ನಡ ಅಕ್ಷರದಲ್ಲಿ ಆ ಪಾದಕ್ಕೆ ಕೆಲಸವೇ ಇಲ್ಲ. ಆದರೆ ಮಸಿ ಹರಡುವ ರೀತಿ, ಕಾಗದ ಹೀರುವ ರೀತಿ ಯಾವ ದೇಶದ ಸೊತ್ತೂ ಅಲ್ಲ. ಕೈ ಅಕ್ಷರವೇ ಅಚ್ಚಾಗುವ ಪದ್ಧತಿಯೂ ನಮಗೆ ಹೊಸದಲ್ಲ. 1843ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಹೊರಟ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನ ಪತ್ರಿಕೆ. ಬರೆದ ಅಕ್ಷರವೇ ಅಲ್ಲಿ ಅಚ್ಚಿನ ಅಕ್ಷರ. ಆಮೇಲೆ ನಾಟಕ ಕಂಪನಿಗಳ ಕರಪತ್ರ, ಸಿನಿಮಾ ಪೋಸ್ಟರಿನ ಕುಂಚದ ಬರಹ, ಅಂಗಡಿ ಬೋರ್ಡು, ಲಿನೋ ಬ್ಲಾಕು ಎಲ್ಲವೂ ಬಂದವು. ಆಕಾರಕ್ಕೆ ಮಾದರಿ ಇವುಗಳಲ್ಲಿ ಸಿಗುತ್ತದೆ.

ಮಾಡುವ ಬಗೆ

ಉದಾಹರಣೆಗೆ ‘ಫಲಪುಷ್ಪ ಪ್ರದರ್ಶನ’ ಎಂಬ ತಲೆಬರಹ ಇಟ್ಟುಕೊಳ್ಳೋಣ. ಲಾಲ್‌ಬಾಗಿನ ದೆಸೆಯಿಂದ ಕನ್ನಡಿಗರೆಲ್ಲರ ಕಣ್ಣಿಗೆ ಪರಿಚಿತವಾದ ಈ ಎರಡು ಪದಗಳಲ್ಲಿ ಫ, ಪ, ಷ ಮೂರೂ ಇವೆ, ಎರಡು ಒತ್ತಕ್ಷರಗಳಿವೆ, ಒಂದು ಅರ್ಕಾವೊತ್ತಿದೆ. ಇದನ್ನು ಗೆದ್ದರೆ ಹೆಚ್ಚಿನ ತಲೆಬರಹಗಳನ್ನು ಗೆದ್ದಂತೆ.

1. ಫಾಂಟ್ ಪರೀಕ್ಷೆ. ಫಾಂಟಿನ ಜಾಹೀರಾತು ಚಿತ್ರ ನೋಡಿ ಆರಿಸಬೇಡಿ. ದ–ಧ–ಥ, ಬ–ಭ, ಡ–ಢ, ಪ–ಫ–ಷ, ರ–ಠ ಇವನ್ನು ಅಕ್ಕಪಕ್ಕ ಟೈಪ್ ಮಾಡಿ. ಕೆಳಗೆ ‘ರಾಷ್ಟ್ರ’, ‘ಸ್ತ್ರೀ’, ‘ಜ್ಞಾನಪೀಠ’ ಬರೆಯಿರಿ. ನಿಜವಾದ ಅಳತೆಯಲ್ಲಿ ಮುದ್ರಿಸಿ, ಓದುಗ ನಿಲ್ಲುವಷ್ಟು ದೂರದಲ್ಲಿ ನಿಂತು ನೋಡಿ. ಹೊಟ್ಟೆಸೀಳಿನ ಅಗಲ ಅಕ್ಷರದ ದಪ್ಪ ಗೆರೆಯ ಐದನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ಮುಂದಿನ ಹಂತಗಳಲ್ಲಿ ಅದು ಮುಚ್ಚಿಕೊಳ್ಳುತ್ತದೆ ಎಂದು ಅಂದಾಜು ಹಾಕಬಹುದು. ಒತ್ತಕ್ಷರದ ಗೆರೆ ಮೇಲಿನ ಅಕ್ಷರದ ಗೆರೆಗಿಂತ ತುಸು ತೆಳ್ಳಗಿರಬೇಕು. ಎರಡೂ ಒಂದೇ ದಪ್ಪ ಇದ್ದರೆ ಚಿಕ್ಕದಾದ ಒತ್ತಿನ ಒಳಜಾಗ ಉಳಿಯುವುದೇ ಇಲ್ಲ. ಉಚಿತವಾಗಿ ಸಿಗುವ ಫಾಂಟ್‌ಗಳಲ್ಲಿ, ದಪ್ಪ–ತೆಳು ಗೆರೆಗಳ ಹಳೆ ಮೊಳೆಯ ಛಾಯೆ ಬೇಕಾದವರಿಗೆ ನೋಟೊ ಸೆರಿಫ್ ಕನ್ನಡದ ದಪ್ಪ ತೂಕಗಳು ಹೊಂದುತ್ತವೆ. ದುಂಡಗೆ, ಕುಂಚದಲ್ಲಿ ಬರೆದಂತೆ ಬೇಕಾದರೆ ಏಕ್ ಟೈಪ್ ತಂಡದ ಬಲೂ ತಮ್ಮ 2 ಇದೆ. ಅದೇ ತಂಡದ ಅನೇಕ್ ಕನ್ನಡದಲ್ಲಿ ತೂಕವನ್ನು 100ರಿಂದ 800ರವರೆಗೆ, ಅಗಲವನ್ನು 75ರಿಂದ 125ರವರೆಗೆ ಬದಲಿಸಬಹುದು. ಇವೆಲ್ಲ ಓಪನ್ ಫಾಂಟ್ ಲೈಸೆನ್ಸ್ ಅಡಿ ಸಿಗುವುದರಿಂದ ವ್ಯಾಪಾರದ ಕೆಲಸಕ್ಕೂ ಬಳಸಬಹುದು. ಫಾಂಟನ್ನೇ ಪ್ರತ್ಯೇಕವಾಗಿ ಮಾರುವಂತಿಲ್ಲ, ಅಷ್ಟೆ. ಬೇರೆ ಫಾಂಟ್ ಆರಿಸಿದರೆ ಅದರ ಲೈಸೆನ್ಸ್ ಓದಿಕೊಳ್ಳಿ.

2. ಒಂದು ಮೆಟ್ಟಿಲು ತೆಳ್ಳಗಿನದನ್ನು ತೆಗೆದುಕೊಳ್ಳಿ. ಅತಿ ದಪ್ಪ ತೂಕ ಕೈ ಬೀಸಿ ಕರೆಯುತ್ತದೆ. ಆದರೆ ಮಸಿ ಹರಡಿದ ನೋಟ ತರುವಾಗ ಅಕ್ಷರ ಹೇಗೂ ದಪ್ಪವಾಗಲಿದೆ. 800 ಬೇಕೆನಿಸಿದರೆ 700ರಿಂದ ಶುರು ಮಾಡಿ. ಒಂದೇ ಅಳತೆಯಲ್ಲಿ ಹೆಚ್ಚು ಭಾರ ಬೇಕಾದರೆ ತೂಕ ಏರಿಸುವುದಕ್ಕಿಂತ ಪದಗಳನ್ನು ಕಡಿಮೆ ಮಾಡಿ, ಅಕ್ಷರ ದೊಡ್ಡದು ಮಾಡುವುದು ಒಳ್ಳೆಯದು.

3. ಸಾಲು ಜೋಡಣೆ. ಹಳೆ ಗೋಡೆಪತ್ರದ ಮುಕ್ಕಾಲು ಪಾಲು ಗತ್ತು ಜೋಡಣೆಯದು, ಇದನ್ನು ಎಷ್ಟು ಹೇಳಿದರೂ ಸಾಲದು. ಹಾಳೆಯ ಅಗಲ ಪೂರ್ತಿ ತುಂಬಬೇಕು ಎಂಬುದು ಕಂಪೋಸಿಟರ್‌ನ ಹಟ. ಅದಕ್ಕೇ ಚಿಕ್ಕ ಪದಕ್ಕೆ ಅಗಲ ಮೊಳೆ, ಉದ್ದ ಪದಕ್ಕೆ ಇಕ್ಕಟ್ಟು ಮೊಳೆ ತೆಗೆಯುತ್ತಿದ್ದ. ಪ್ರತಿ ಸಾಲೂ ಬೇರೆ ಅಳತೆಯಾಗಿ, ಒಟ್ಟು ಪುಟ ಗೋಡೆ ಕಟ್ಟಿದಷ್ಟು ಗಟ್ಟಿಯಾಗುತ್ತಿತ್ತು. ನೀವೂ ನಮ್ಮ ಎರಡು ಪದಗಳನ್ನು ಎರಡು ಸಾಲಾಗಿಟ್ಟು ಒಂದೇ ಅಗಲಕ್ಕೆ ತನ್ನಿ, ಆದರೆ ಅಕ್ಷರವನ್ನು ಹಿಡಿದು ಎಳೆಯುವುದರಿಂದಲ್ಲ, ಅಳತೆಯಿಂದ ಅಥವಾ ಅನೇಕ್‌ನಂಥ ಫಾಂಟಿನ ಅಗಲದ ಸೌಲಭ್ಯದಿಂದ. ‘ಪ್ರದರ್ಶನ’ಕ್ಕೆ ಅರ್ಕಾವೊತ್ತಿನ ಜಾಗವೂ ಸೇರಿರುವುದರಿಂದ ಅದನ್ನು ತುಸು ಚಿಕ್ಕದು ಮಾಡಬೇಕಾಗುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಕೆಳಗೆ ಇಳಿಯುವ ಭಾಗ ಇಲ್ಲವೆಂಬಷ್ಟು ಕಡಿಮೆ, ಹಾಗಾಗಿ ಸಾಲುಗಳನ್ನು ಒತ್ತಾಗಿ ಇಡಬಹುದು. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ, ಏತ್ವಕ್ಕೆ ಡಿಕ್ಕಿ ಹೊಡೆಯುತ್ತದೆ. ನಮ್ಮ ಉದಾಹರಣೆಯಲ್ಲಿ ‘ಷ್ಪ’ದ ಒತ್ತು ಇಳಿಯುವ ಜಾಗದ ಕೆಳಗೆ ‘ರ್ಶನ’ ಇದೆ. ಅದಕ್ಕೆ ಗುಡಿಸಿಲ್ಲ, ಆದ್ದರಿಂದ ಹತ್ತಿರ ತರಬಹುದು. ಒತ್ತಿನ ತಳಕ್ಕೂ ಕೆಳಗಿನ ಸಾಲಿನ ತಲೆಕಟ್ಟಿಗೂ ನಡುವೆ ದಪ್ಪ ಗೆರೆಯ ಅರ್ಧದಷ್ಟಾದರೂ ಬಿಳಿ ಉಳಿಯಲಿ. ಸೀಸದ ಅಥವಾ ಮರದ ಮೊಳೆಗಳು ಒಂದರ ಮೇಲೊಂದು ಹತ್ತಲಾರವು, ಆದ್ದರಿಂದ ಒಂದಕ್ಕೊಂದು ತಾಗಿದ ಸಾಲು ಕಂಡ ಕೂಡಲೇ ಇದು ಕಂಪ್ಯೂಟರಿನ ಕೆಲಸ ಎಂದು ಕಣ್ಣಿಗೆ ಗೊತ್ತಾಗಿಬಿಡುತ್ತದೆ.

4. ಮಸಿ ಹರಡಿಸುವುದು. ಜೋಡಣೆ ಮುಗಿದ ಮೇಲೆ ಕಡತವನ್ನು 600 ಡಿಪಿಐ ಕಪ್ಪು–ಬಿಳುಪು ಚಿತ್ರವಾಗಿ ಉಳಿಸಿ. ಎ4 ಹಾಳೆಗೆ ಇದು 4960×7016 ಪಿಕ್ಸೆಲ್. ಒಂದು ಮಿಲಿಮೀಟರಿಗೆ ಸುಮಾರು 24 ಪಿಕ್ಸೆಲ್. ಗಿಂಪ್ ಅಥವಾ ಫೋಟೊಶಾಪಿನಲ್ಲಿ ತೆರೆದು ಗಾಸಿಯನ್ ಬ್ಲರ್ ಅನ್ನು 4ರಿಂದ 6 ಪಿಕ್ಸೆಲ್ ಕೊಡಿ, ಆಮೇಲೆ ಥ್ರೆಶೋಲ್ಡ್ ಹಾಕಿ. ಮಸುಕಾದ ಅಂಚು ಮತ್ತೆ ಗಟ್ಟಿಯಾಗುತ್ತದೆ, ಆದರೆ ಮೂಲೆಗಳು ಮೆತ್ತಗಾಗಿರುತ್ತವೆ, ಸಂದಿಗಳು ತುಸು ತುಂಬಿರುತ್ತವೆ. ಮೇಲೆ ಹೇಳಿದ ಮಸಿಯ ವರ್ತನೆಯೇ ಇದು. ಥ್ರೆಶೋಲ್ಡ್ ನಡುವಿನಲ್ಲಿದ್ದರೆ ದಪ್ಪ ಹೆಚ್ಚು ಬದಲಾಗುವುದಿಲ್ಲ, ಸಂಖ್ಯೆ ಏರಿಸಿದಷ್ಟೂ ಅಕ್ಷರ ದಪ್ಪವಾಗುತ್ತದೆ. ಈಗ ‘ಫ’ದ ಸೀಳನ್ನೂ ‘ಷ’ದ ಒಳಗೆರೆಯ ಎರಡು ಪಕ್ಕದ ಬಿಳಿಯನ್ನೂ ದೊಡ್ಡದು ಮಾಡಿ ನೋಡಿ. ಮುಚ್ಚಿದ್ದರೆ ಬ್ಲರ್ ಕಡಿಮೆ ಮಾಡುವುದು ಅರ್ಧ ಪರಿಹಾರ. ಮೂಲ ಕಡತಕ್ಕೆ ಹಿಂತಿರುಗಿ, ಅಕ್ಷರವನ್ನು ಔಟ್‌ಲೈನ್ ಮಾಡಿ, ಸೀಳನ್ನು ಕೈಯಲ್ಲಿ ಅಗಲಿಸುವುದು ಪೂರ್ಣ ಪರಿಹಾರ. ಚಿಕ್ಕ ಅಳತೆಯ ಮೊಳೆ ಮಾಡುವವರು ಮಸಿ ತುಂಬುತ್ತದೆಂದು ತಿಳಿದೇ ಒಳಜಾಗಗಳನ್ನು ಹಿಗ್ಗಿಸುತ್ತಿದ್ದರು. ನೀವು ಮಾಡುವುದೂ ಅದನ್ನೇ.

5. ಚುಕ್ಕೆಗಳು. ಇಂಟರ್‌ನೆಟ್‌ನ ಗೀರಿನ ಚಿತ್ರ ಬಿಡಿ, ನೀವೇ ಒಂದು ಮಾಡಿಕೊಳ್ಳಿ, ಖರ್ಚು ಅಲ್ಪ. ಒಂದು ಲಿನೋ ತುಂಡಿಗೆ ರೋಲರಿನಿಂದ ಬ್ಲಾಕ್ ಪ್ರಿಂಟಿಂಗ್ ಮಸಿ ಸವರಿ, ಒರಟು ಕಾಗದವನ್ನು ಮೇಲಿಟ್ಟು ಚಮಚದ ಬೆನ್ನಿನಿಂದ ಉಜ್ಜಿ. ಮಸಿ ತುಂಬ ಇದ್ದಾಗ ಒಂದು, ಸ್ವಲ್ಪ ಇದ್ದಾಗ ಒಂದು, ಒಣಗುತ್ತ ಬಂದಾಗ ಒಂದು ಹೀಗೆ ಕೆಲವು ಅಚ್ಚು ತೆಗೆದು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ. ಇವುಗಳಲ್ಲಿ ಒಂದನ್ನು ಇಡೀ ತಲೆಬರಹದ ಮೇಲೆ ಒಂದೇ ಹೊದಿಕೆಯಾಗಿ ಹಾಕಿ, ಅಕ್ಷರದೊಳಗೆ ಮಾತ್ರ ಕಾಣುವಂತೆ ಮಾಸ್ಕ್ ಮಾಡಿ. ಪೂರ್ತಿ ಸಾಲಿಗೆ ಒಂದೇ ಹೊದಿಕೆ ಇದ್ದಾಗ ಪ್ರತಿ ಅಕ್ಷರದ ಚುಕ್ಕೆಗಳು ತಾವಾಗಿಯೇ ಬೇರೆಯಾಗುತ್ತವೆ. ಕಪ್ಪಿನ ನೂರು ಪಾಲಿನಲ್ಲಿ ಮೂರರಿಂದ ಐದು ಪಾಲು ಬಿಳಿಯಾದರೆ ಬೇಕಾದಷ್ಟಾಯಿತು. ಆಮೇಲೆ ಮುಖ್ಯ ಕೆಲಸ: ಸಣ್ಣ ಬ್ರಷ್ ಹಿಡಿದು ಸೀಳಿನ ಸುತ್ತ, ‘ಠ’ದ ಚುಕ್ಕೆಯ ಮೇಲೆ, ಒತ್ತಕ್ಷರದೊಳಗೆ, ಅರ್ಕಾವೊತ್ತಿನ ಮೇಲೆ ಬಿದ್ದಿರುವ ಬಿಳಿಯನ್ನು ತುಂಬಿಬಿಡಿ. ಅಗಲವಾದ ಹೊಟ್ಟೆ, ಬಾಗು, ತಲೆಕಟ್ಟುಗಳ ಮೇಲೆ ಚುಕ್ಕೆ ಎಷ್ಟಿದ್ದರೂ ಓದಿಗೆ ಅಡ್ಡಿಯಿಲ್ಲ. ಮರದ ಉದ್ದನೆಯ ನಾರುಗೆರೆಗಳನ್ನು ಹಾಕುವ ಆಸೆ ಹಲವರಿಗೆ ಇರುತ್ತದೆ. ಅಮೆರಿಕದ ಒಳ್ಳೆಯ ಮರದ ಮೊಳೆಗಳನ್ನು ಮೇಪಲ್ ಮರದ ಅಡ್ಡಕೊಯ್ತದ ಮುಖದ ಮೇಲೆ ಕೊರೆಯುತ್ತಿದ್ದರು, ಅಲ್ಲಿ ಉದ್ದ ನಾರು ಕಾಣುವುದಿಲ್ಲ. ಹಲಗೆಯಲ್ಲಿ ಕೆತ್ತಿದ ದೊಡ್ಡ ಬ್ಲಾಕಿನ ನೋಟ ಬೇಕಿದ್ದರೆ ಮಾತ್ರ ಅದು ಸರಿ.

6. ಬಣ್ಣ, ಕಾಗದ. ಎರಡು ಬಣ್ಣ ಮೀರಬೇಡಿ. ಹಳೆ ಪತ್ರಗಳಲ್ಲಿ ಮೂರನೆಯ ಬಣ್ಣ ಎಂದರೆ ಮೆಷಿನ್ನಿನಲ್ಲಿ ಮೂರನೆಯ ಓಟ, ಮೂರನೆಯ ಖರ್ಚು. ಕಾಗದದ ಬಣ್ಣವನ್ನೇ ಒಂದು ಬಣ್ಣವಾಗಿ ದುಡಿಸಿಕೊಳ್ಳುತ್ತಿದ್ದರು. ಕೆಂಪಿನ ಮೇಲೆ ಕಪ್ಪು ಬೀಳುವ ಕಡೆ ‘ಮಲ್ಟಿಪ್ಲೈ’ ಇಟ್ಟರೆ ಮಸಿಯ ಮೇಲೆ ಮಸಿ ಬಿದ್ದಂತೆ ಕಾಣುತ್ತದೆ. ಎರಡನೆಯ ಬಣ್ಣವನ್ನು ಸರಿಸುವುದಿದ್ದರೆ ಅರ್ಧ ಮಿಲಿಮೀಟರ್ ಸಾಕು, ಅದೂ ಇಡೀ ಪುಟಕ್ಕೆ ಒಂದೇ ದಿಕ್ಕಿನಲ್ಲಿ, ಏಕೆಂದರೆ ಸರಿಯುತ್ತಿದ್ದುದು ಪೂರ್ತಿ ಹಾಳೆ. ಹೊಳಪಿನ ಆರ್ಟ್ ಪೇಪರಿನಲ್ಲಿ ಈ ಎಲ್ಲ ಶ್ರಮ ವ್ಯರ್ಥ. ಮ್ಯಾಪ್‌ಲಿಥೋ ಅಥವಾ ಕೈಕಾಗದಕ್ಕೆ ಹೋಗಿ. ಸಾಧ್ಯವಿದ್ದರೆ ಸ್ಕ್ರೀನ್ ಪ್ರಿಂಟಿಂಗ್ ಮಾಡಿಸಿ, ಮಸಿಯ ದಪ್ಪ ಕೈಗೆ ತಾಗುತ್ತದೆ.

ಎಚ್ಚರ ತಪ್ಪುವ ಕಡೆಗಳು

ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು ಸುತ್ತ ಗೆರೆ ಕೊಟ್ಟು ದಪ್ಪ ಮಾಡುವುದು. ಗೆರೆ ಹೊರಗೆ ಬೆಳೆದಷ್ಟೇ ಒಳಗೂ ಬೆಳೆಯುತ್ತದೆ, ‘ಧ’ ಎನ್ನುವುದು ‘ದ’ ಆಗುತ್ತದೆ. ಸಂದರ್ಭದಿಂದ ಓದುಗರಿಗೆ ತಿಳಿಯುತ್ತದಲ್ಲ ಎಂದು ಕೆಲವರು ವಾದಿಸುತ್ತಾರೆ. ಉದ್ದನೆಯ ವಾಕ್ಯದಲ್ಲಿ ಆ ಮಾತು ನಿಜ. ತಲೆಬರಹದಲ್ಲಿ ಸಂದರ್ಭವೇ ಇರುವುದಿಲ್ಲ, ಎರಡು ಪದ, ಒಂದು ಊರಿನ ಹೆಸರು, ಒಬ್ಬರ ಹೆಸರು ಅಷ್ಟೇ. ಹೆಸರನ್ನು ಊಹಿಸಿ ಓದಬೇಕಾಗಿ ಬಂದರೆ ಪೋಸ್ಟರ್ ತನ್ನ ಕೆಲಸ ಮಾಡಿಲ್ಲ ಎಂದೇ ಅರ್ಥ.

ಇನ್ನೊಂದು, ಎಲ್ಲ ಸಾಲಿಗೂ ಚುಕ್ಕೆ ಹಚ್ಚುವುದು. ದಿನಾಂಕ, ಸಮಯ, ಸ್ಥಳ, ಫೋನ್ ನಂಬರ್ ಇವು ಶುದ್ಧ ಅಕ್ಷರದಲ್ಲಿರಲಿ. ಚಿಕ್ಕ ಅಳತೆಯಲ್ಲಿ ಒಂದು ಚುಕ್ಕೆಯೂ ಒಂದು ಅಂಕಿಯನ್ನು ಕೆಡಿಸಬಲ್ಲದು. ಗಿರಾಕಿ ‘ಇನ್ನೂ ಹಳೆಯದಾಗಿ ಕಾಣಬೇಕು’ ಎಂದು ಪಟ್ಟು ಹಿಡಿದರೆ ಗೀರು ಹೆಚ್ಚಿಸುವ ಬದಲು ಬಣ್ಣ ಕಡಿಮೆ ಮಾಡಿ, ಸಾಲುಗಳನ್ನು ಅಗಲಕ್ಕೆ ತುಂಬಿಸಿ, ನಡುವೆ ಒಂದು ದಪ್ಪ ಒಂದು ತೆಳು ಗೆರೆ ಎಳೆದು ತೋರಿಸಿ. ಬಹಳ ಸಲ ಅವರಿಗೆ ಬೇಕಿದ್ದುದು ಅದೇ ಆಗಿರುತ್ತದೆ. ಹಳದಿಗಟ್ಟಿದ, ಮಡಿಕೆಬಿದ್ದ ಕಾಗದದ ಫೋಟೊವನ್ನು ಹಿನ್ನೆಲೆಗೆ ಹಾಕುವುದನ್ನು ಮಾತ್ರ ಒಪ್ಪಬೇಡಿ. ಆ ಪತ್ರಗಳು ಅಚ್ಚಾದ ದಿನ ಹೊಸದಾಗಿಯೇ ಇದ್ದವು.

ಒತ್ತಕ್ಷರ ಬಿಡಿಬಿಡಿಯಾಗಿ ಪಕ್ಕದಲ್ಲಿ ಕೂತರೆ ದೋಷ ಫಾಂಟಿನದಲ್ಲದೆ ಸಾಫ್ಟ್‌ವೇರಿನ ಸೆಟ್ಟಿಂಗಿನದೂ ಆಗಿರಬಹುದು. ಅಡೋಬಿಯ ಇನ್‌ಡಿಸೈನಿನಲ್ಲಿ ‘ವರ್ಲ್ಡ್ ರೆಡಿ’ ಕಂಪೋಸರ್ ಆರಿಸಿಕೊಳ್ಳಿ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಠ್ಯವನ್ನು ಯುನಿಕೋಡ್‌ಗೆ ಬದಲಿಸಿಕೊಳ್ಳದೆ ಹೊಸ ಫಾಂಟ್ ಹಾಕಿದರೆ ಅಕ್ಷರವೇ ಬರುವುದಿಲ್ಲ. ಬದಲಿಸಿದ ಮೇಲೂ ಅರ್ಕಾವೊತ್ತು ಮತ್ತು ಮೂರು ವ್ಯಂಜನದ ಒತ್ತುಗಳನ್ನು ಒಂದೊಂದಾಗಿ ತಾಳೆ ನೋಡಬೇಕು.

ಫ್ಲೆಕ್ಸಿಗೆ ಇದೇ ಕಡತ ಕೊಡಬೇಡಿ. ಎ4ಗೆ ಮಾಡಿದ ಚುಕ್ಕೆ ಹತ್ತು ಅಡಿಯ ಬ್ಯಾನರಿನಲ್ಲಿ ತೂತಿನಂತೆ ಕಾಣುತ್ತದೆ. ಅಲ್ಲಿಗೆ ಮೆತ್ತನೆಯ ಮೂಲೆಗಳು ಮಾತ್ರ ಸಾಕು, ಚುಕ್ಕೆಗಳ ಹೊದಿಕೆ ತೆಗೆದುಬಿಡಿ. ಆಫ್‌ಸೆಟ್ಟಿಗೆ ಕೊಡುವಾಗ ಕಪ್ಪನ್ನು ಒಂದೇ ಮಸಿಯಲ್ಲಿಡಿ. ನಾಲ್ಕು ಬಣ್ಣ ಕೂಡಿದ ಕಪ್ಪಾದರೆ ಪ್ಲೇಟು ಚೂರು ಸರಿದರೂ ಪ್ರತಿ ಚುಕ್ಕೆಯ ಸುತ್ತ ಬಣ್ಣದ ಅಂಚು ಮೂಡುತ್ತದೆ. ಒಮ್ಮೆ ಚಿತ್ರವಾದ ಅಕ್ಷರದಲ್ಲಿ ಕಾಗುಣಿತ ತಿದ್ದಲು ಬರುವುದಿಲ್ಲ, ಆದ್ದರಿಂದ ಟೈಪ್ ಮಾಡಿದ ಮೂಲ ಕಡತವನ್ನು ಬೇರೆ ಇಟ್ಟುಕೊಳ್ಳಿ. ಪ್ರೆಸ್ಸಿನಿಂದ ನಿಜವಾದ ಅಳತೆಯ, ನಿಜವಾದ ಕಾಗದದ ಪ್ರೂಫ್ ತರಿಸಿ, ವಿಷಯ ಗೊತ್ತಿಲ್ಲದ ಒಬ್ಬರಿಗೆ ನಾಲ್ಕು ಹೆಜ್ಜೆ ದೂರದಿಂದ ಗಟ್ಟಿಯಾಗಿ ಓದಲು ಹೇಳಿ. ಅವರು ಯಾವ ಅಕ್ಷರದಲ್ಲಿ ತಡವರಿಸುತ್ತಾರೋ ಅಲ್ಲಿನ ಚುಕ್ಕೆ ತೆಗೆದು, ಸೀಳು ಇನ್ನಷ್ಟು ಅಗಲಿಸಿ, ಮತ್ತೊಂದು ಪ್ರೂಫ್ ತೆಗೆಯಿರಿ.